ಒಂದು ಸೆಂಟಿಮೀಟರಿನ ಆಪಾದನೆ

"ಎರಡು ವಾರ ಕೊಡು. ಈ ಟೇಬಲ್ಲಿನ ರಬ್ಬರನ್ನ ನನ್ನ ಕೈಯಾರೆ ಬದಲಾಯಿಸ್ತೀನಿ. ಆಮೇಲೆ ನಿಮ್ಮಣ್ಣ ಹೇಗೆ ಗೆಲ್ತಾರೆ ನೋಡೇ ಬಿಡೋಣ."

ಹೀಗೆಂದು ಅಳತೆ ಸಾಹೇಬರು ಒಂದು ಭಾನುವಾರ ಸಂಜೆ, ಐದಕ್ಕೆ ಐದೂ ಆಟ ಸೋತ ಮೇಲೆ, ಹೆಂಡತಿಯ ಮುಂದೆ ಶಪಥ ಮಾಡಿದರು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಯ ತಕ್ಕಡಿಗಳು ಅವರ ನೆರಳು ಕಂಡರೆ ತಾವಾಗಿಯೇ ನೆಟ್ಟಗಾಗುತ್ತವೆ ಎಂಬ ಪ್ರತೀತಿ ಇತ್ತು. ಅಳತೆ ಸಾಹೇಬರು ಎನ್ನುವುದು ಪೇಟೆಯವರು ಕೊಟ್ಟ ಬಿರುದು. ಮನೆಯವರೂ ಅದನ್ನೇ ಉಳಿಸಿಕೊಂಡಿದ್ದರು, ಆದರೆ ಹೇಳುವ ಧಾಟಿ ಸ್ವಲ್ಪ ಬೇರೆ.

ಕೋಲಿನಿಂದ ಚೆಂಡನ್ನು ಹೊಡೆದು ಗುಂಡಿಗೆ ಬೀಳಿಸುವ ಆ ಪೂಲ್ ಟೇಬಲ್ ಹೆಂಡತಿಯ ಅಣ್ಣ ಕೊಟ್ಟದ್ದು. ಹನ್ನೊಂದು ವರ್ಷದ ಹಿಂದೆ ಭಾವನವರು ಚಿಕ್ಕ ಮನೆಗೆ ಹೋಗುವಾಗ, ಬೇರೆ ಯಾರಿಗೂ ಕೊಡಲು ಮನಸ್ಸು ಬಾರದೆ, ತಂಗಿಯ ಮನೆಯ ಮಹಡಿಗೆ ಸಾಗಿಸಿದ್ದರು. ವಾರದ ಆರು ದಿನ ಹೆಂಡತಿ ಅದರ ಮೇಲೆ ಹಲಗೆ ಹಾಸಿ ಗಿರಾಕಿಗಳ ಬಟ್ಟೆ ಕತ್ತರಿಸುತ್ತಿದ್ದಳು. ಏಳನೆಯ ದಿನ ಹಲಗೆ ಸರಿಸಿದರೆ ಸಾಹೇಬರು ಸೋಲುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವರು ಗೆದ್ದದ್ದು ಎರಡೇ ಆಟ. ಒಂದು ಸಲ ಭಾವನವರಿಗೆ ಜ್ವರ, ಇನ್ನೊಂದು ಸಲ ಕರೆಂಟ್ ಹೋಗಿತ್ತು.

ಸೋಲಿಗೆಲ್ಲ ಕಾರಣ ಅಂಚಿನ ರಬ್ಬರ್ ಎಂಬುದು ಸಾಹೇಬರ ವಾದ. ಹಾಗೆ ನೋಡಿದರೆ ರಬ್ಬರ್ ಸತ್ತಿದ್ದು ಸುಳ್ಳಲ್ಲ. ಅಂಚಿಗೆ ಹೋದ ಚೆಂಡು ಹಿಂದಿರುಗುವ ಬದಲು ರಜೆಗೆ ಬಂದ ನೆಂಟರ ಹಾಗೆ ಅಲ್ಲೇ ಠಿಕಾಣಿ ಹೂಡುತ್ತಿತ್ತು. ಭಾವನವರು ಒಂದೇ ಒಂದು ಸಲ, "ಕುಣಿಯೋಕೆ ಬರದವಳು..." ಎಂದು ಶುರು ಮಾಡಿ, ತಂಗಿಯ ಮುಖ ನೋಡಿ, ಮಿಕ್ಕಿದ್ದನ್ನು ಕೆಮ್ಮಿನಲ್ಲಿ ಮುಗಿಸಿದ್ದರು. ಆ ಕೆಮ್ಮು ಸಾಹೇಬರಿಗೆ ಪೂರ್ತಿ ಅರ್ಥವಾಗಿತ್ತು.

ಹೆಂಡತಿ ಶಪಥವನ್ನು ಕೇಳಿ, ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: "ಯೋಚನೆ ಮಾಡಿದೀರಾ? ಹೊಸ ರಬ್ಬರ್ ಹಾಕಿದ ಮೇಲೂ ಸೋತ್ರೆ ಏನು ಹೇಳ್ತೀರ?"

ಅಂಥ ಪ್ರಶ್ನೆಗೆ ಉತ್ತರ ಕೊಡುವುದು ತಮ್ಮ ಘನತೆಗೆ ಕುಂದು ಎಂದು ಸಾಹೇಬರು ಚೆಂಡುಗಳನ್ನು ಎತ್ತಿಡತೊಡಗಿದರು.

ಮೊದಲು ರಬ್ಬರಿನ ಆಯ್ಕೆ. ಆಟದ ಸಾಮಾನಿನ ಅಂಗಡಿಯವನು ಮೂರು ತುಂಡು ಮಾದರಿ ಕೊಟ್ಟು, ಸ್ನೂಕರಿನದು ಬೇರೆ, ಪೂಲಿನದು ಬೇರೆ, ಎಲ್ಲಕ್ಕಿಂತ ಮುಖ್ಯ ಎತ್ತರ ಎಂದು ಪಾಠ ಹೇಳಿದ. ಚೆಂಡಿಗೆ ತಾಗುವ ರಬ್ಬರಿನ ಚೂಪು ಅಂಚಿಗೆ ಅವರ ಕಸುಬಿನಲ್ಲಿ ಮೂಗು ಎನ್ನುತ್ತಾರಂತೆ. ಆ ಮೂಗು ಟೇಬಲ್ಲಿನಿಂದ ಮೂರೂವರೆ ಸೆಂಟಿಮೀಟರಿಗೆ ಒಂದು ಕೂದಲೆಳೆ ಮೇಲಿರಬೇಕು, ಅಂದರೆ ಚೆಂಡಿನ ನಡುವಿಗಿಂತ ತುಸು ಎತ್ತರ. "ಎತ್ತರ ತಪ್ಪಿದ್ರೆ ಚಿನ್ನದ ರಬ್ಬರ್ ಹಾಕಿದ್ರೂ ದಂಡ ಸಾರ್" ಎಂದ. ಎತ್ತರದ ವಿಷಯವನ್ನು ತಮಗೆ ಹೇಳಿಕೊಡುವವನೊಬ್ಬ ಹುಟ್ಟಿಕೊಂಡನಲ್ಲ ಎಂದು ಸಾಹೇಬರು ಮುಗುಳ್ನಕ್ಕರು.

ಮೂರು ತುಂಡುಗಳೂ ನಾಲ್ಕು ದಿನ ಅವರ ಅಂಗಿಯ ಜೇಬಿನಲ್ಲಿ ಪೇಟೆ ಸುತ್ತಿದವು. ಕಚೇರಿಯ ಸಭೆಯಲ್ಲಿ ಮೇಜಿನಡಿ ಹೆಬ್ಬೆರಳಿಂದ ಒತ್ತಿ ನೋಡಿದರು. ತಪಾಸಣೆಗೆ ಹೋದ ಅಂಗಡಿಯಲ್ಲಿ ತಕ್ಕಡಿಗೆ ಹಾಕಿ ತೂಗಿದರು. ಅಂಗಡಿಯವನು ಇದೂ ಹೊಸ ಕಾನೂನಿರಬೇಕೆಂದು ಕೈಕಟ್ಟಿ ನಿಂತಿದ್ದ. ಕೊನೆಗೆ ತೀರಾ ಪುಟಿಯದ, ತೀರಾ ಮುನಿಯದ ಎರಡನೆಯ ತುಂಡು ಆಯ್ಕೆಯಾಯಿತು. ಆ ಆಯ್ಕೆಯಲ್ಲಿ ತಪ್ಪೇನೂ ಇರಲಿಲ್ಲ ಎಂದು ಇಲ್ಲಿ ನ್ಯಾಯವಾಗಿ ಹೇಳಬೇಕು.

ತಪ್ಪಿದ್ದು ಅವರ ಪ್ರಾಮಾಣಿಕತೆಯಲ್ಲಿ. ಸರ್ಕಾರದ ಉಕ್ಕಿನ ಅಳತೆಪಟ್ಟಿ ಚೀಲದಲ್ಲೇ ಇತ್ತು. ಆದರೆ ಸರ್ಕಾರದ ಪಟ್ಟಿಯಿಂದ ಮನೆಯ ಟೇಬಲ್ ಅಳೆಯುವುದು ಅಧಿಕಾರದ ದುರುಪಯೋಗ ಎಂದು ಸಾಹೇಬರು ಬಗೆದು, ಬಟ್ಟೆಗಳ ಮೇಲೆ ಬಿದ್ದಿದ್ದ ಹೆಂಡತಿಯ ಟೇಪನ್ನು ಎತ್ತಿಕೊಂಡರು. ಊರಿನವರ ಪಟ್ಟಿಯನ್ನೆಲ್ಲ ಮೊದಲ ಗೆರೆಯಿಂದ ಪರೀಕ್ಷಿಸುವ ಮನುಷ್ಯ ಹೆಂಡತಿಯ ಪಟ್ಟಿಯನ್ನು ಪರೀಕ್ಷಿಸಲಿಲ್ಲ. ಸಂಸಾರ ನಡೆಯುವುದೇ ನಂಬಿಕೆಯ ಮೇಲೆ.

ಟೇಪಿನ ತುದಿಯನ್ನು ಟೇಬಲ್ಲಿಗೆ ಊರಿ, ಹಳೆಯ ರಬ್ಬರಿನ ಮೂಗಿನ ಎತ್ತರ ನೋಡಿದರು. ನಾಲ್ಕೂವರೆಗಿಂತ ಮೇಲೆ. ಕನ್ನಡಕ ಒರೆಸಿ ಮತ್ತೆ ನೋಡಿದರು. ಗುಂಡಿಗಳ ನಡುವಿನ ಆರೂ ಅಂಚುಗಳಲ್ಲಿ ನೋಡಿದರು. ಎಲ್ಲ ಕಡೆಯೂ ಒಂದು ಸೆಂಟಿಮೀಟರ್ ಹೆಚ್ಚು. ಸಾಹೇಬರ ಎದೆ ಸಂತೋಷದಿಂದ ಬಡಿದುಕೊಂಡಿತು. ಹನ್ನೊಂದು ವರ್ಷ ತಾವು ಆಡಿದ್ದು ಸುಳ್ಳು ಅಳತೆಯ ಮೇಲೆ!

ತಡಮಾಡದೆ ಭಾವನವರಿಗೆ ಫೋನು ಹಚ್ಚಿದರು. ನೀವು ಕೊಟ್ಟ ಟೇಬಲ್ಲಿನ ಅಂಚು ಒಂದು ಸೆಂಟಿಮೀಟರ್ ಎತ್ತರ ಇದೆ, ನಾನು ಇಷ್ಟು ವರ್ಷ ಯಾಕೆ ಸೋತೆ ಅನ್ನೋದು ಈಗ ಲೆಕ್ಕಕ್ಕೆ ಸಿಕ್ಕಿತು ಎಂದರು.

"ನಾನೂ ಅದೇ ಟೇಬಲ್ ಮೇಲೆ ಆಡಿದ್ದಲ್ವಾ?" ಎಂದರು ಭಾವನವರು.

"ಅದು ಬೇರೆ ವಿಷಯ ಭಾವ."

"ಸರಿ. ಭಾನುವಾರ ಬಂದು ನೋಡ್ತೀನಿ." ಫೋನು ಇಟ್ಟ ಸದ್ದು ಎಂದಿಗಿಂತ ಗಟ್ಟಿಯಾಗಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಹೆಂಡತಿ, ಪ್ರೀತಿಯಿಂದ ಕೊಟ್ಟ ಅಣ್ಣನನ್ನ ಮೋಸಗಾರ ಅಂದುಬಿಟ್ರಿ, ಭಾನುವಾರ ಅವನು ಈ ಮನೆಯಿಂದ ನಗ್ತಾ ಹೋಗಬೇಕು ಎಂದಳು. ಸಾಹೇಬರು ಸತ್ಯಕ್ಕೆ ಬಂಧುಬಳಗವಿಲ್ಲ ಎಂಬರ್ಥದಲ್ಲಿ ತಟ್ಟೆಯನ್ನೇ ನೋಡಿದರು.

ಮರುದಿನ ಬಡಗಿ ಬಂದ. ಅಂಚಿನ ಆರು ಮರದ ಪಟ್ಟಿಗಳನ್ನು ಬಿಚ್ಚಿ, ಅಡಿಯಿಂದ ಒಂದು ಸೆಂಟಿಮೀಟರ್ ಹೆರೆಯಬೇಕೆಂದು ಅಪ್ಪಣೆಯಾಯಿತು. ಬಡಗಿ ತಲೆ ಕೆರೆದುಕೊಂಡು, ಇಷ್ಟು ವರ್ಷ ಇದ್ದ ಮರ ಸಾಹೇಬ್ರೇ, ಇನ್ನೊಂದು ಸಲ ಅಳೆಯೋಣವಾ ಎಂದು ಕೇಳಿದ. ಅಳೆಯುವುದು ಯಾರ ಕೆಲಸ, ಹೆರೆಯುವುದು ಯಾರ ಕೆಲಸ ಎಂದು ಸಾಹೇಬರು ಅವನಿಗೆ ನೆನಪು ಮಾಡಿಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿತ್ತು. ಸಂಜೆಯ ಹೊತ್ತಿಗೆ ಮಹಡಿಯ ತುಂಬ ಮರದ ಹೊಟ್ಟು.

ಆಮೇಲೆ ಎರಡು ದಿನ ಸಾಹೇಬರೇ ಹಳೆಯ ರಬ್ಬರ್ ಕಿತ್ತರು, ಅಂಟು ಕೆರೆದರು, ಹೊಸದನ್ನು ಅಂಟಿಸಿದರು, ಎಡಗೈಯ ಎರಡು ಬೆರಳುಗಳನ್ನೂ ಅಂಟಿಸಿಕೊಂಡರು. ಮೇಲೆ ಹಸಿರು ಬಟ್ಟೆ ಎಳೆದು ಬಡಿದರು. ಅದು ಮಲಗೆದ್ದವನ ಅಂಗಿಯಂತೆ ಸುಕ್ಕಾಗಿತ್ತು. ಆದರೂ ಗುರುವಾರ ಸಂಜೆ ಪಟ್ಟಿಗಳನ್ನು ಕೂರಿಸಿ, ಟೇಪಿನಿಂದ ಕೊನೆಯ ಬಾರಿ ಅಳೆದು, ಸರಿಯಾದ ಅಳತೆ ನೋಡಿ ಕಣ್ತುಂಬಿಕೊಂಡರು. ಬಿಳಿ ಚೆಂಡನ್ನಿಟ್ಟು, ಕೋಲು ಹಿಡಿದು, ಬಲವಾಗಿ ಹೊಡೆದರು.

ಚೆಂಡು ಅಂಚಿಗೆ ಹೋಗಿ ಮುಟ್ಟಿತು. ಅಲ್ಲಿಂದ ಮೇಲೆದ್ದಿತು. ಅಂಚನ್ನು ದಾಟಿ ಹಾರಿ ಹೊಲಿಗೆಯಂತ್ರದ ಪಕ್ಕದ ಡಬ್ಬಿಗೆ ಬಡಿಯಿತು. ಗುಂಡಿಗೆ ಬೀಳಬೇಕಾದ ಚೆಂಡು ಗುಂಡಿಗಳ ಡಬ್ಬಿಗೆ ಬಿದ್ದು, ಅಂಗಿಯ ಗುಂಡಿಗಳೆಲ್ಲ ನೆಲದ ತುಂಬ ಚದುರಿದವು. ಕಾಕತಾಳೀಯ ಎಂದುಕೊಂಡು ಸಾಹೇಬರು ಎರಡನೆಯ ಚೆಂಡನ್ನು ಹೊಡೆದರು. ಅದು ಬಾಗಿಲಿನಾಚೆ ಹಾರಿ, ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತ ಕೆಳಗಿಳಿಯಿತು.

ಸ್ವಲ್ಪ ಹೊತ್ತಿಗೆ ಹೆಂಡತಿ ಚೆಂಡನ್ನು ಹಿಡಿದು ಮೇಲೆ ಬಂದಳು. ಗುಂಡಿಗಳನ್ನು ನೋಡಿದಳು, ಟೇಬಲ್ ನೋಡಿದಳು, ಗಂಡನ ಹೆಗಲ ಮೇಲಿದ್ದ ಟೇಪ್ ನೋಡಿದಳು.

"ಅಳೆದಿದ್ದು ಇದರಲ್ಲೇನಾ?"

"ಹೂಂ."

"ಇದರ ತುದಿ ಇಸ್ತ್ರಿಪೆಟ್ಟಿಗೆಗೆ ಸಿಕ್ಕಿ ಸುಟ್ಟಿತ್ತು. ಒಂದು ಸೆಂಟಿಮೀಟರ್ ಕತ್ತರಿಸಿ ಹಾಕಿದೀನಿ. ನಾನು ಒಂದನ್ನ ಕಳೆದು ಲೆಕ್ಕ ಹಾಕ್ತೀನಿ. ಆರು ವರ್ಷ ಆಯ್ತು."

ಸಾಹೇಬರು ಟೇಪಿನ ತುದಿಯನ್ನು ಕಣ್ಣಿನ ಹತ್ತಿರ ತಂದರು. ಅದು ಒಂದರಿಂದಲೇ ಶುರುವಾಗಿತ್ತು. ಅಂದರೆ ಟೇಬಲ್ಲಿನ ಎತ್ತರ ಮೊದಲೇ ಸರಿಯಿತ್ತು. ಈಗ ರಬ್ಬರ್ ಚೆಂಡಿನ ನಡುವಿಗಿಂತ ಕೆಳಗೆ ತಾಗಿ, ಬಂದ ಚೆಂಡನ್ನೆಲ್ಲ ಎತ್ತಿ ಒಗೆಯುತ್ತಿತ್ತು. ಇಲಾಖೆಯ ನೌಕರಿಯುದ್ದಕ್ಕೂ ಅವರು ಹಿಡಿದ ಅತಿ ದೊಡ್ಡ ಸುಳ್ಳು ಅಳತೆ ಅವರ ಹೆಗಲ ಮೇಲೇ ಇತ್ತು. ಅವರಿಗೆ ನಾಚಿಕೆಯಾಯಿತು. ರಬ್ಬರಿಗಿಂತ ಹೆಚ್ಚಾಗಿ, ಫೋನಿನಲ್ಲಿ ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು.

ಬಡಗಿಯನ್ನು ಮತ್ತೆ ಕರೆಸಿದರು. ಅವನು ಹೆರೆದು ಹಾಕಿದಷ್ಟೇ ದಪ್ಪದ ಮರವನ್ನು ಆರೂ ಪಟ್ಟಿಗಳ ಅಡಿಗೆ ಅಂಟಿಸಿ, ಇಳಿಸೋದು ಅರ್ಧ ದಿನ ಏರಿಸೋದು ಎರಡು ದಿನ ಎಂದಷ್ಟೇ ಗೊಣಗಿದ. ಸುಕ್ಕಾದ ಹಸಿರು ಬಟ್ಟೆಯನ್ನು ಹೆಂಡತಿ ಬಿಚ್ಚಿ, ಮೂಲೆಗಳಲ್ಲಿ ಮಡಿಕೆ ಕೊಟ್ಟು, ಕಾಲರಿಗೆ ಎಳೆದಂತೆ ಬಿಗಿಯಾಗಿ ಎಳೆದಳು. ಈ ಸಲ ಎತ್ತರವನ್ನು ಸರ್ಕಾರದ ಪಟ್ಟಿಯಿಂದಲೇ ಅಳೆಯಲಾಯಿತು. ಶನಿವಾರ ಚೆಂಡು ಅಂಚಿಗೆ ಹೋಗಿ, ಮುಟ್ಟಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ವಾಪಸು ಬಂತು.

ಭಾನುವಾರ ಭಾವನವರು ಬಂದರು. ಮುಖ ಬಿಗಿದೇ ಇತ್ತು. ಸಾಹೇಬರು ಬಾಗಿಲಲ್ಲೇ, ಕುಳಿತುಕೊಳ್ಳಿ ಎನ್ನುವುದಕ್ಕೂ ಮೊದಲು, ಟೇಪಿನ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿ, ತಪ್ಪಾಯಿತು ಭಾವ ಎಂದರು. ಭಾವನವರ ಮೀಸೆ ಸ್ವಲ್ಪ ಅಲ್ಲಾಡಿತು. "ಇರಲಿ ಬಿಡಿ, ಆಡೋಣ" ಎಂದು ಕೋಲಿನ ತುದಿಗೆ ಚಾಕ್ ಉಜ್ಜಿದರು.

ಐದು ಆಟ ನಡೆದವು. ರಬ್ಬರ್ ತನ್ನ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ಭಾವನವರ ಚೆಂಡುಗಳು ಎರಡೆರಡು ಅಂಚು ಮುಟ್ಟಿ ಗುಂಡಿ ಸೇರಿದವು. ಸಾಹೇಬರ ಚೆಂಡುಗಳೂ ಅಂಚು ಮುಟ್ಟಿ ಚುರುಕಾಗಿ ಹಿಂದಿರುಗಿದವು, ಬೇಡದ ಜಾಗಕ್ಕೆ. ಐದಕ್ಕೆ ಐದೂ ಸೋಲು.

ಹನ್ನೊಂದು ವರ್ಷದ ಅಭ್ಯಾಸದಂತೆ ಅಣ್ಣ ತಂಗಿ ಇಬ್ಬರೂ ಈಗೇನು ಕಾರಣ ಬರುತ್ತದೋ ಎಂದು ಕಾದರು. ಸಾಹೇಬರು ಹೊಸ ರಬ್ಬರನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. ಅವರ ಪಾಡು ನೋಡಲಾಗದೆ ಭಾವನವರೇ ದೊಡ್ಡ ಮನಸ್ಸು ಮಾಡಿ, ಹೊಸ ರಬ್ಬರ್ ಅಲ್ವಾ, ಪಳಗೋದಕ್ಕೆ ಒಂದೆರಡು ತಿಂಗಳು ಬೇಕು ಎಂದರು.

ಆ ಮಾತು ಮುಳುಗುವವನ ಮುಂದೆ ಚಾಚಿದ ಕೈಯಂತಿತ್ತು. ಹಿಡಿದಿದ್ದರೆ ಇನ್ನೆರಡು ತಿಂಗಳು ನಿಶ್ಚಿಂತೆ. ಆದರೆ ಈ ಮನುಷ್ಯನ ಮೇಲೆ ತಾವು ಹೊರಿಸಿದ ಆಪಾದನೆ ನೆನೆದು ಸಾಹೇಬರಿಗೆ ಮನಸ್ಸಾಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿದರು.

"ಇಲ್ಲ ಭಾವ. ರಬ್ಬರ್ ಸರಿಯಾಗಿದೆ, ಎತ್ತರಾನೂ ಸರಿಯಾಗಿದೆ. ನನಗೇ ಆಡೋಕೆ ಬರಲ್ಲ."

ಭಾವನವರು ತಂಗಿಯ ಕಡೆ ನೋಡಿದರು. ಅವಳು ನೆಲದ ಮೂಲೆಯಲ್ಲಿ ಇನ್ನೂ ಸಿಗುತ್ತಲೇ ಇದ್ದ ಗುಂಡಿಗಳನ್ನು ಆರಿಸುತ್ತಿದ್ದಳು. ತಲೆಯೆತ್ತದೆ ಅಂದಳು:

"ಈ ಮಾತನ್ನ ಎರಡು ವಾರದ ಹಿಂದೆ ಹೇಳಿದ್ದಿದ್ರೆ ಹಳೇ ರಬ್ಬರೇ ಸಾಕಾಗ್ತಿತ್ತು."

ಭಾವನವರು ನಗುತ್ತಲೇ ಮೆಟ್ಟಿಲಿಳಿದು ಹೋದರು.