ಗಾಳಿಮಾವನ ಕೈಪಿಡಿಯೂ ನಮ್ಮ ಮನೆಯ ಫೋನೂ

ಬರೆದರೆ ನಾನೇ ಬರೆಯಬೇಕು ಎಂದು ಒಂದು ಭಾನುವಾರ ಬಚ್ಚಲಲ್ಲೇ ಪಣತೊಟ್ಟು ಹೊರಬಂದೆ. ನಮ್ಮೂರಿಗೆ ಬೆಳಗಾಗುವುದೇ ರೇಡಿಯೊದ ಗಾಳಿಮಾವನಿಂದ. ಕೇಳುಗರು ಫೋನ್ ಮಾಡಿ ಹಾಡು ಕೇಳುತ್ತಾರೆ, ಅವನು ಹಾಡಿನ ಜೊತೆ ನಾಲ್ಕು ಮಾತನ್ನೂ ಬಡಿಸುತ್ತಾನೆ. ಅಂಥವನ ಮೇಲೆ ಒಂದು ಪುಸ್ತಕವಿಲ್ಲವೆಂದರೆ ನಾಡಿಗೇ ಅವಮಾನ. ನನ್ನ ನೌಕರಿಯೋ, ಮಿಕ್ಸಿ, ಫ್ಯಾನುಗಳ ಡಬ್ಬಿಯೊಳಗೆ ಇಡುವ ಬಳಕೆ ಕೈಪಿಡಿಗಳ ಕರಡು ತಿದ್ದುವುದು.

"ಇಷ್ಟು ವರ್ಷ ಫ್ಯಾನಿಗೆ ಕೈಪಿಡಿ ಮಾಡ್ದೆ. ಇನ್ನು ಗಾಳಿಮಾವನ ಫ್ಯಾನುಗಳಿಗೆ ಮಾಡ್ತೀನಿ ಕಣೆ," ಎಂದೆ ಹೆಂಡತಿಗೆ.

ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅವರನ್ನ ಒಂದ್ಸಲನಾದ್ರೂ ನೋಡಿದ್ದೀರಾ?"

"ದನಿ ಕೇಳಿದ್ರೆ ಆಳು ಕಾಣಲ್ವಾ?"

ಕಂಡೇಬಿಟ್ಟ. ಆಜಾನುಬಾಹು, ಹುರಿಮೀಸೆ, ನಕ್ಕರೆ ಕಿಟಕಿ ಅಲುಗುತ್ತದೆ ಎಂದು ಬರೆದೆ. ಗೊತ್ತಿಲ್ಲದ ಕಡೆಯೆಲ್ಲ 'ಆಪ್ತ ಮೂಲಗಳ ಪ್ರಕಾರ' ಎಂದು ಸೇರಿಸಿದೆ. ಆ ಆಪ್ತ ಮೂಲ ನಾನೇ. ಮುಖಪುಟದ ಮೇಲೆ 'ಅನಧಿಕೃತ' ಎಂದು ದಪ್ಪಕ್ಷರದಲ್ಲಿ ಹಾಕಿದ್ದರಿಂದ ಆತ್ಮಸಾಕ್ಷಿಯೂ ತೆಪ್ಪಗಿತ್ತು.

ಅಚ್ಚಿಗೆ ಹೋಗುವ ಮುನ್ನ ಅವಳು, "ನಾನೊಂದ್ಸಲ ಕಣ್ಣಾಡಿಸ್ಲಾ?" ಎಂದಳು.

"ಕರಡು ತಿದ್ದೋನಿಗೇ ತಿದ್ದುಪಡಿನಾ?" ಎಂದು ನಕ್ಕೆ.

ಪುಸ್ತಕ ಅಂಗಡಿಗೆ ಬಂದ ಮರುದಿನ ಬೆಳಿಗ್ಗೆಯೇ ಫೋನು ಬಡಿದುಕೊಂಡಿತು. ಅಭಿನಂದನೆಯೇ ಇರಬೇಕೆಂದು ಗಂಟಲು ಸರಿಮಾಡಿಕೊಂಡು ಎತ್ತಿದೆ.

"ಗಾಳಿಮಾವ, ಒಂದು ಹಳೇ ಹಾಡು ಹಾಕಿ."

ರಾಂಗ್ ನಂಬರ್ ಎಂದು ಇಟ್ಟೆ. ಇಟ್ಟ ಕೈ ತೆಗೆಯುವಷ್ಟರಲ್ಲಿ ಮತ್ತೊಂದು. ಪುಸ್ತಕ ತೆರೆದು ನೋಡಿದರೆ ನಂಬರುಗಳೇ ಅದಲುಬದಲು. 'ಹಾಡು ಬೇಕಾದವರು' ಎಂಬಲ್ಲಿ ನಮ್ಮ ಮನೆಯ ನಂಬರು, 'ಪುಸ್ತಕದ ಬಗ್ಗೆ ದೂರಿದ್ದಲ್ಲಿ' ಎಂಬಲ್ಲಿ ರೇಡಿಯೊ ನಿಲಯದ್ದು. ಹೆಂಡತಿ ನನ್ನತ್ತ ತಿರುಗುವ ಮೊದಲೇ ಆಫೀಸಿಗೆ ಓಟ ಕಿತ್ತೆ.

ಸಂಜೆ ಮಹಾಮಂಗಳಾರತಿಗೆ ಸಿದ್ಧನಾಗಿ ಬೆಕ್ಕಿನ ಹೆಜ್ಜೆಯಲ್ಲಿ ಬಂದರೆ, ಅವಳು ರಿಸೀವರನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಗುಂಡಿ ಹೊಲಿಯುತ್ತಿದ್ದಳು.

"ಹಾಡು ಆಮೇಲೆ ಯಜಮಾನ್ರೇ. ಹೆಂಡ್ತಿ ಹತ್ರ ಮಾತು ಬಿಟ್ಟಿರೋದು ನೀವು, ರೇಡಿಯೊದವರು ಬಂದು ಮಾತಾಡಿಸ್ತಾರಾ? ಎದ್ದು ಅಡುಗೆಮನೆಗೆ ಹೋಗಿ. ಇಲ್ಲ, ಇಡಬೇಡಿ, ನಾನು ಕಾಯ್ತೀನಿ."

ಕಾದಳು. ಸೂಜಿ ನಿಂತಿತು. ಆಮೇಲೆ ಅವಳ ಮುಖ ಅರಳಿತು.

"ಏನಾಯ್ತೇ?"

"ಇಬ್ರೂ ನಗ್ತಿದ್ದಾರೆ ಕಣ್ರೀ. ಫೋನ್ ಇಡೋದೇ ಮರೆತಿದ್ದಾರೆ."

ಅಲ್ಲಿಂದ ಸುದ್ದಿ ಹಬ್ಬಿತು. ಜನ ಹಾಡು ಕೇಳುವುದನ್ನೇ ಬಿಟ್ಟು 'ಅಕ್ಕ'ನನ್ನು ಕೇಳತೊಡಗಿದರು. ಕೆಲಸದ ಸಂದರ್ಶನಕ್ಕೆ ಹೆದರಿದವರು, ಮಗಳ ಮುನಿಸಿಗೆ ಸೋತವರು, ಸುಮ್ಮನೆ ಒಂಟಿಯಾಗಿದ್ದವರು. ಅವಳು ಹೊಲಿಯುತ್ತಲೇ ಎಲ್ಲರನ್ನೂ ವಿಚಾರಿಸಿಕೊಂಡಳು. ಬೈಯುವಳೆಂದು ಕಾದಿದ್ದ ನನಗೆ ಬೈಗುಳಕ್ಕೂ ಸರದಿ ಸಿಗಲಿಲ್ಲ.

ಒಂದು ರಜೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಕಡ್ಡಿಯಂಥ ಮನುಷ್ಯ, ನುಣ್ಣನೆಯ ಮೂತಿ, ಮೈಮೇಲೆ ಸ್ವೆಟರು. ರಿಪೇರಿಯವನೆಂದುಕೊಂಡು ಒಳಗೆ ಕರೆದು ಫ್ಯಾನು ತೋರಿಸಿದೆ. "ಶಬ್ದ ಮಾಡುತ್ತಪ್ಪಾ, ನೋಡು."

ಆತ ವಿಧೇಯನಾಗಿ ಮೇಲೆ ನೋಡಿ, "ಗಾಳಿಯೇನೋ ಬರ್ತಿದೆ ಸಾರ್," ಎಂದ.

ದಿನಾ ಬೆಳಿಗ್ಗೆ ಕೇಳುವ ಅದೇ ದನಿ. ಸಾಕ್ಷಾತ್ ಗಾಳಿಮಾವ!

"ನಿಮ್ಮ ಪುಸ್ತಕದ ದೂರೆಲ್ಲ ನಮಗೇ ಬರ್ತಿವೆ. ಹಾಡು ಕೇಳೋರು ಮಾತ್ರ ಪತ್ತೆ ಇಲ್ಲ."

ಕೋರ್ಟು, ಕಟಕಟೆ ಎಲ್ಲ ಕಣ್ಣಮುಂದೆ ಬಂದವು. "ತಪ್ಪು ನಂದು ಸ್ವಾಮಿ, ಅವಳದ್ದೇನೂ ಇಲ್ಲ," ಎಂದು ತೊದಲಿದೆ. ಆತ ನನ್ನನ್ನು ದಾಟಿ ಹೊಲಿಗೆ ಯಂತ್ರದ ಬಳಿ ಹೋದ.

"ಅಕ್ಕ, ವಾರಕ್ಕೊಂದು ದಿನ ನಮ್ಮಲ್ಲಿಗೆ ಬಂದು ಮಾತಾಡ್ತೀರಾ?"

ಅವಳು ಬಟ್ಟೆಯ ರಾಶಿ ನೋಡಿದಳು, ನನ್ನನ್ನು ನೋಡಿದಳು. "ಬೇಗ ಬಿಡೋದಾದ್ರೆ ಬರ್ತೀನಿ," ಎಂದಳು. ದನಿ ಸಣ್ಣಗಿತ್ತು, ಕಣ್ಣುಗಳು ಮಾತ್ರ ಮಿನುಗುತ್ತಿದ್ದವು.

ಮೊದಲ ದಿನ ಅಕ್ಕಪಕ್ಕದವರನ್ನೆಲ್ಲ ಕರೆದು ರೇಡಿಯೊ ಜೋರಾಗಿ ಹಾಕಿದೆ.

"ಅಕ್ಕ, ನಿಮ್ಮ ಮನೆಯವರು ಲೇಖಕರಲ್ವಾ? ಈಗೇನು ಬರೀತಿದ್ದಾರೆ?" ಎಂದ ಗಾಳಿಮಾವ. ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

"ಅವರಿಗೀಗ ಪುರುಸೊತ್ತಿಲ್ಲ. ಮನೇಲಿ ಫೋನ್ ಎತ್ತೋಕೆ ಯಾರಾದ್ರೂ ಬೇಕಲ್ಲ."

ಕೋಣೆಯೆಲ್ಲ ಘೊಳ್ಳೆಂದಿತು. ಅಷ್ಟರಲ್ಲಿ ಫೋನು ಬಂತು. ಯಾರೋ ಹೆಂಗಸು.

"ಅಕ್ಕ ಇದ್ದಾರಾ?"

"ಇಲ್ಲ. ನಾನು ಅವರ ಗಂಡ, ಕೈಪಿಡಿಯ ಲೇಖಕ. ಹೇಳಿ, ಏನು ಕಷ್ಟ?"



"ಪರವಾಗಿಲ್ಲ ಬಿಡಿ. ಅವರು ಬರೋವರೆಗೂ ಕಷ್ಟ ತಡ್ಕೋತೀನಿ."