ಹೆಬ್ಬೆರಳಿನ ಕೆಳಗಿನ ತಾರೀಖು

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಅತ್ತೆ ತಮ್ಮ ಟ್ಯಾಬನ್ನು ಅಳಿಯನ ಮುಂದೆ ತಳ್ಳಿದರು.

"ಇದರಲ್ಲಿ ಆ್ಯಪ್ ಸ್ಟೋರ್ ತೆರೀತಿಲ್ಲ. ಸರಿ ಮಾಡಿ. ಮನೆ ಬಾಡಿಗೆಗೆ ಕೊಡೋ ಆ್ಯಪ್ ಹಾಕ್ಕೋಬೇಕು. ಮೇಲಿನ ರೂಮು ಸುಮ್ನೆ ಖಾಲಿ ಬಿದ್ದಿದೆ. ಸಂಜೆಯೊಳಗೆ ಜಾಹೀರಾತು ಹೋಗ್ಬೇಕು."

ಅಳಿಯನ ಬಾಯೊಳಗಿದ್ದ ಬ್ರೆಡ್ಡಿನ ತುಂಡು ಅಲ್ಲೇ ನಿಂತಿತು.

ಆ ರೂಮಿನ ಮೇಲೆ ಅವನು ಕಣ್ಣಿಟ್ಟು ಬಹಳ ದಿನವಾಗಿತ್ತು. ಬೇರೆ ಮನೆ ಸಿಗುವ ತನಕ ಎಂದು ಮದುವೆಯಾದ ಹೊಸತರಲ್ಲಿ ಬಂದ ಅವನೂ ಹೆಂಡತಿಯೂ ಇನ್ನೂ ಹಾಲಿನ ಮೂಲೆಯಲ್ಲಿ, ಹಗ್ಗಕ್ಕೆ ತೂಗುಹಾಕಿದ ಪರದೆಯ ಹಿಂದೆ ಮಲಗುತ್ತಿದ್ದರು. ಪರದೆಯ ತುಂಬ ಹಳದಿ ಬಾತುಕೋಳಿಗಳು; ಹೆಂಡತಿ ಚಿಕ್ಕವಳಿದ್ದಾಗ ಹೊಲಿಸಿದ್ದು. ಅದು ನೆಲ ಮುಟ್ಟುವ ಮೊದಲೇ ಮುಗಿದುಹೋಗುತ್ತಿತ್ತು. ಅತ್ತೆ ನೀರು ಕುಡಿಯಲು ಎದ್ದರೆ ಮೊದಲು ಅವರ ಚಪ್ಪಲಿ ಕಾಣಿಸುತ್ತಿತ್ತು, ಆಮೇಲೆ ಕೆಮ್ಮು ಕೇಳಿಸುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಮಾತು ಬಿಟ್ಟು ಒಬ್ಬರ ತುಟಿ ಒಬ್ಬರು ಓದುವುದನ್ನು ಕಲಿತಿದ್ದರು. ಮೇಲಿನ ರೂಮಿಗೆ ಬಾಗಿಲಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತ ನಿಂತಾಗಲೂ ಅವನು ಆ ಚಿಲಕದ ಬಗ್ಗೆ ಯೋಚಿಸುತ್ತಿದ್ದ.

ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಅತ್ತೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಬೀದಿಗೆಲ್ಲ ದೊಡ್ಡ ಮೇಡಂ. ಅವರು ಕನ್ನಡಕ ತೆಗೆದು ನೋಡಿದರೆ ದೊಡ್ಡವರೂ ಕೈ ಕಟ್ಟಿಕೊಳ್ಳುತ್ತಿದ್ದರು. ಅಳಿಯ ಮೂರು ಸಲ ಪ್ರಯತ್ನಪಟ್ಟಿದ್ದ. ಒಂದು ಸಲ ಸೆಖೆಯ ಬಗ್ಗೆ, ಇನ್ನೊಂದು ಸಲ ಫ್ಯಾನಿನ ಬಗ್ಗೆ ಮಾತಾಡಿ ಎದ್ದು ಬಂದಿದ್ದ. ಮೂರನೇ ಸಲ ಅವರೇ, "ಏನು, ಹಲ್ಲು ನೋವಾ?" ಎಂದರು. ಹೌದೆಂದು ಒಪ್ಪಿಕೊಂಡು, ಅವರು ಕೊಟ್ಟ ಮಾತ್ರೆ ನುಂಗಿ ಬಂದ.

ಟ್ಯಾಬ್ ಹಿಡಿದುಕೊಂಡು ಅಡುಗೆಮನೆಗೆ ಹೋದರೆ ಹೆಂಡತಿ ಸೌಟು ಎತ್ತಿಕೊಂಡೇ ಕಾಯುತ್ತಿದ್ದಳು.

"ಅದು ತೆರೀಬಾರ್ದು," ಎಂದಳು ಮೆಲ್ಲಗೆ. "ಅಮ್ಮ ರೂಮು ಬಾಡಿಗೆಗೆ ಕೊಟ್ರೆ ನಾವು ಮುದುಕರಾಗೋವರೆಗೂ ಬಾತುಕೋಳಿ ಹಿಂದೆನೇ. ಇವತ್ತೊಂದು ದಿನ ಹೇಗಾದ್ರೂ ತಳ್ಳಿ. ಸಂಜೆ ನಾನೇ ಮಾತಾಡ್ತೀನಿ."

"ನೀನು ಮಾತಾಡ್ತೀಯಾ? ನಿಜವಾಗ್ಲೂ?"

"ಧೈರ್ಯ ಬಂದ್ರೆ."

ಅವನು ಟ್ಯಾಬನ್ನು ನೋಡಿದ. ಸ್ಟೋರ್ ಒತ್ತಿದರೆ ಬಿಳಿ ಪುಟ, ಅದರ ನಡುವೆ ಸುತ್ತುತ್ತಲೇ ಇರುವ ಚಕ್ರ. ಒಡವೆ ಕಳೆದುಕೊಂಡವರು ಮನೆಯೆಲ್ಲ ಸುತ್ತುವ ಹಾಗೆ ಅದು ಸುತ್ತುತ್ತಿತ್ತು. ಆಗ ಅವನ ಕಣ್ಣು ಮೇಲಿನ ಮೂಲೆಗೆ ಹೋಯಿತು. ಹೊರಗೆ ಆಗಸ್ಟ್ ತಿಂಗಳು. ಟ್ಯಾಬಿನಲ್ಲಿ ಮುಂದಿನ ವರ್ಷದ ಮಾರ್ಚ್.

ಅಂಗಡಿಯ ಬಿಲ್ಲಿನ ಕಂಪ್ಯೂಟರ್ ಒಮ್ಮೆ ಹೀಗೇ ತಾರೀಖು ತಪ್ಪಿಸಿಕೊಂಡು ಒಂದು ಪುಟವನ್ನೂ ತೆರೆಯದೆ ಕುಳಿತಿತ್ತು. ತಾರೀಖು ಸರಿ ಮಾಡಿದ ಕೂಡಲೇ ಎದ್ದು ಕುಣಿದಿತ್ತು. ಅಂದರೆ ಕಾಯಿಲೆಯೂ ಗೊತ್ತಾಯಿತು, ಮದ್ದೂ ಗೊತ್ತಾಯಿತು. ಅವನು ಮಾಡಬೇಕಾದ್ದು ಇಷ್ಟೇ: ಆ ಮೂಲೆಯ ಮೇಲೆ ಹೆಬ್ಬೆರಳಿಟ್ಟುಕೊಂಡು ಸಂಜೆಯವರೆಗೆ ಬೆವರುವುದು.

ಹಾಲಿನಲ್ಲಿ ಅತ್ತೆಯ ಕಣ್ಣಿಗೆ ಬೀಳುವ ಹಾಗೆ ಕುಳಿತು, ಹುಬ್ಬು ಗಂಟಿಕ್ಕಿ, ಅಲ್ಲಿ ಇಲ್ಲಿ ಒತ್ತತೊಡಗಿದ. ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಎದುರು ಮನೆಯ ನಲ್ಲಿ ರಿಪೇರಿಯವನು ಕಿಟಕಿಯಿಂದ ಮುಖ ತೂರಿಸಿದ.

"ಏನ್ರೀ ಅಳಿಯಂದ್ರೇ, ಬೆಳಿಗ್ಗೆಯಿಂದ ಅದನ್ನ ತಿವೀತಾ ಇದ್ದೀರಿ?"

"ಸ್ಟೋರ್ ಲೋಡ್ ಆಗ್ತಿಲ್ಲ. ಬಿಡಿ, ಇದು ದೊಡ್ಡ ಕಂಪನಿಯವರೇ ಬರ್ಬೇಕು."

"ಕಂಪನಿ ಯಾಕ್ರೀ, ನಾನಿಲ್ವಾ?" ಎಂದವನೇ ಒಳಗೆ ಬಂದ. ಚಕ್ರ ನೋಡಿದ, ಟ್ಯಾಬಿಗೆ ಕಿವಿಯಿಟ್ಟ. "ಬ್ಲಾಕ್ ಆಗಿದೆ. ಎಲ್ಲೋ ಕೆಸರು ಕಟ್ಟಿಕೊಂಡಿದೆ. ಮೊದಲು ಮೇನ್ ಬಂದ್ ಮಾಡ್ಬೇಕು."

ಅವನು ಗೋಡೆಯ ಮೇಲಿದ್ದ ಇಂಟರ್ನೆಟ್ ಡಬ್ಬಿಯ ತಂತಿ ಎಳೆದ, ಅದನ್ನು ಊದಿದ, ಮತ್ತೆ ಸಿಕ್ಕಿಸಿದ. ಟ್ಯಾಬಿನೊಳಗೆ ಸ್ಟೋರಿನ ಹಳೆಯ ನೆನಪುಗಳನ್ನೆಲ್ಲ ಅಳಿಸುವ ಗುಂಡಿಯೊಂದನ್ನು ಹುಡುಕಿ ಒತ್ತಿದ. ಪ್ರತಿ ಸಲ ಟ್ಯಾಬನ್ನು ತನ್ನ ಕಡೆ ಎಳೆದುಕೊಂಡಾಗ ಅಳಿಯನೂ ಅದರ ಜೊತೆ ಬರುತ್ತಿದ್ದ, ಹೆಬ್ಬೆರಳು ಮಾತ್ರ ಮೂಲೆ ಬಿಡಲಿಲ್ಲ.

"ಬೆರಳು ತೆಗೀರಿ ಮಾರಾಯ್ರೇ, ನಾನೇನು ಕದ್ದುಕೊಂಡು ಹೋಗ್ತೀನಾ?"

"ಇಲ್ಲ, ಇಲ್ಲಿ ಹಿಡ್ಕೊಳ್ಳದಿದ್ರೆ ಬಿಸಿಯಾಗುತ್ತೆ."

ಚಕ್ರ ಸುತ್ತುತ್ತಲೇ ಇತ್ತು. ಅಳಿಯ ದೊಡ್ಡದಾಗಿ ನಿಟ್ಟುಸಿರುಬಿಟ್ಟ. ಅತ್ತೆ ಅದನ್ನು ದುಃಖವೆಂದು ತಿಳಿದರು.

ಇಂಟರ್ನೆಟ್ ನಿಂತಿತೇಕೆ ಎಂದು ಕೇಳಲು ಬಂದವರು ನಿವೃತ್ತ ಕಂಡಕ್ಟರು. ಅವರು ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದು, ದೊಡ್ಡ ಮೇಡಂ ಮನೆಯ ಇಂಟರ್ನೆಟ್ಟನ್ನು ಬಿಟ್ಟಿಯಾಗಿ ಬಳಸುತ್ತಿದ್ದರು. ಕಾರಣ ತಿಳಿದ ಮೇಲೆ ಅವರು ವಾಪಸು ಹೋಗಲೇ ಇಲ್ಲ.

"ಇಲ್ಲಿ ಸಿಗ್ನಲ್ ಎಲ್ಲಿ ಬರುತ್ತೆ? ನಾಲ್ಕು ಗೋಡೆ ಮಧ್ಯೆ ಇಟ್ಟುಕೊಂಡ್ರೆ ಮನುಷ್ಯನಿಗೇ ಉಸಿರಾಡಕ್ಕಾಗಲ್ಲ. ಏಳಿ, ಏಳಿ! ಮುಂದೆ ನಡೀರಿ! ಮಹಡಿಗೆ!"

ಮೂವತ್ತು ವರ್ಷ ಜನರನ್ನು ತುಂಬಿ ಸಾಗಿಸಿದ ದನಿ ಅದು. ಅಳಿಯ ತನಗೆ ಗೊತ್ತಿಲ್ಲದೆಯೇ ಎದ್ದು ಮೆಟ್ಟಿಲು ಹತ್ತಿದ್ದ. ಹಿಂದೆ ನಲ್ಲಿಯವನು, ಅವನ ಹಿಂದೆ ಅತ್ತೆ, ಕೊನೆಗೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೆಂಡತಿ.

ಮಹಡಿಯ ಮೇಲೆ ಬಿಸಿಲು ಸುರಿಯುತ್ತಿತ್ತು. ಕಂಡಕ್ಟರು ಅವನನ್ನು ಪೂರ್ವಕ್ಕೆ ನಿಲ್ಲಿಸಿದರು, ಪಶ್ಚಿಮಕ್ಕೆ ತಿರುಗಿಸಿದರು, ಕೊನೆಗೆ ಗೋಡೆಯಂಚಿಗೆ ಒಯ್ದು ಕೈ ಎತ್ತಿ ಹಿಡಿಯಲು ಹೇಳಿದರು. ಪಕ್ಕದಲ್ಲೇ ಆ ರೂಮು. ಕಿಟಕಿಯ ಗಾಜಿನಿಂದ ಒಳಗೆ ಕಾಣುತ್ತಿತ್ತು: ಖಾಲಿ ನೆಲ, ಗೋಡೆಗೆ ಎರಡು ಮೊಳೆ, ಬಾಗಿಲಿನ ಒಳಗಡೆ ಹೊಳೆಯುವ ಹಿತ್ತಾಳೆಯ ಚಿಲಕ. ಹೆಂಡತಿಯೂ ಅದನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿದ ಅಳಿಯನಿಗೆ ಒಂದು ಹುಚ್ಚು ಧೈರ್ಯ ಬಂತು. ಕೆಳಗೆ ಸಿಮೆಂಟಿನ ಅಂಗಳ. ಕೈ ಬೆವತಿದೆ. ಯಾರಿಗೆ ತಾನೇ ಅನುಮಾನ ಬರುತ್ತದೆ?

"ಅಯ್ಯೋ, ಜಾರಿತು!" ಎಂದು ಕೂಗಿ ಟ್ಯಾಬನ್ನು ಬಿಟ್ಟೇಬಿಟ್ಟ.

ಕೂಗು ಸ್ವಲ್ಪ ಮೊದಲೇ ಬಂದುಬಿಟ್ಟಿತ್ತು. ಏಣಿಯ ಮೇಲಿಂದ ಬೀಳುವ ಸ್ಪ್ಯಾನರುಗಳನ್ನು ಹಿಡಿದು ಹಿಡಿದು ಪಳಗಿದ್ದ ನಲ್ಲಿಯವನು ಗೋಡೆಯಾಚೆ ಅರ್ಧ ಬಗ್ಗಿ, ಗಾಳಿಯಲ್ಲೇ ಟ್ಯಾಬನ್ನು ಹಿಡಿದ. ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಅಳಿಯ ತಟ್ಟಬೇಕಾಯಿತು.

"ಕೈ ನಡುಗ್ತಾ ಇದೆ ನಿಮಗೆ," ಎಂದರು ಅತ್ತೆ. "ಪಾಪ, ಎಷ್ಟು ಚಿಂತೆ ಹಚ್ಚಿಕೊಂಡಿದ್ದಾರೆ! ಕಾಂಪೌಂಡರಿಗೆ ಹೇಳಿಕಳಿಸಿ. ಒಂದು ಮಾತ್ರೆ ಕೊಡ್ಲಿ."

ಹೀಗೆ ಕಾಂಪೌಂಡರು ಬಂದರು. ಆಸ್ಪತ್ರೆ ಬಿಟ್ಟ ಮೇಲೂ ಚೀಲ ಬಿಡದ ಮನುಷ್ಯ. ಹಾಲಿನಲ್ಲಿ ಅಳಿಯನ ನಾಡಿ ಹಿಡಿದು, ನಾಲಿಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು, "ಇವರಿಗೇನೂ ಆಗಿಲ್ಲ. ಕಾಯಿಲೆ ಅದಕ್ಕೇ ಇರೋದು," ಎಂದು, ಅಳಿಯ ಮತ್ತೆ ಹೆಬ್ಬೆರಳೊತ್ತಿ ಹಿಡಿದುಕೊಂಡಿದ್ದ ಟ್ಯಾಬಿಗೆ ಕೈ ಚಾಚಿದರು. ಮಾತ್ರೆಯ ಸ್ಟ್ರಿಪ್ಪು ಕೈಗೆ ಬಂದರೆ ಮಾಡುವ ಹಾಗೆ ಹಿಂದೆ ಮುಂದೆ ತಿರುವಿದರು.

"ಇದರ ಎಕ್ಸ್‌ಪೈರಿ ಡೇಟ್ ಎಲ್ಲಿದೆ?"

"ಇದಕ್ಕೆಲ್ಲ ಇರಲ್ಲ ಸಾರ್!" ಅಳಿಯನ ದನಿ ಕೀಚಲಾಯಿತು.

"ಯಾಕಿರಲ್ಲ? ಪ್ರತಿಯೊಂದಕ್ಕೂ ಇರುತ್ತೆ. ಮೂಲೆಯಲ್ಲಿ ಸಣ್ಣಗೆ ಬರೆದಿರ್ತಾರೆ, ನಮಗೆ ಕಾಣಿಸಬಾರ್ದು ಅಂತಲೇ. ನಿಮ್ಮ ಹೆಬ್ಬೆರಳು ತೆಗೀರಿ."

"ಸಾರ್, ಅದು..."

"ತೆಗೀರಿ ಅಂದ್ರೆ ತೆಗೀರಿ!"

ಇಂಜೆಕ್ಷನ್ನಿಗೆ ಹೆದರುವ ಮಕ್ಕಳ ಮುಷ್ಟಿ ಬಿಡಿಸಿ ಬಿಡಿಸಿ ಅಭ್ಯಾಸವಾದ ಕೈ ಅದು. ಹೆಬ್ಬೆರಳು ಬಾಟಲಿಯ ಮುಚ್ಚಳದ ಹಾಗೆ ಎದ್ದು ಬಂತು. ಕಾಂಪೌಂಡರು ಕನ್ನಡಕ ಏರಿಸಿದರು.

"ಮಾರ್ಚ್! ಅದೂ ಮುಂದಿನ ವರ್ಷದ್ದು! ಮೇಡಂ, ನಿಮ್ಮ ಟ್ಯಾಬ್ ನಮ್ಮೆಲ್ಲರಿಗಿಂತ ಮುಂದೆ ಹೋಗಿಬಿಟ್ಟಿದೆ!"

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಗೋಡೆಯ ಕಡೆ ನೋಡಿದರು.

"ಯಂತ್ರ ಅಲ್ವಾ," ಎಂದರು. "ತಪ್ಪುತ್ತೆ."

ಕಾಂಪೌಂಡರು ತಾರೀಖನ್ನು ಆಗಸ್ಟಿಗೆ ತಂದರು. ಚಕ್ರ ಒಂದು ಸುತ್ತು ಹಾಕಿ ನಿಂತಿತು. ಬಿಳಿ ಪುಟದ ಮೇಲೆ ಬಣ್ಣ ಬಣ್ಣದ ಚೌಕಗಳು ದಬದಬನೆ ಬಂದು ಕುಳಿತವು. ಮೂವರೂ ಹೋ ಎಂದು ಕೂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಳಿಯನನ್ನೂ ಎಳೆದು ತಬ್ಬಿದರು. ಬಾಡಿಗೆಯ ಆ್ಯಪ್ ಹುಡುಕಿ ಇಳಿಸಲು ಹಾಕಿದ್ದೂ ಆಯಿತು. ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ಇಲ್ಲಿ ಕೊಡಿ," ಎಂದು ಅತ್ತೆ ಟ್ಯಾಬ್ ತೆಗೆದುಕೊಂಡು ತಮ್ಮ ರೂಮಿಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲು ಬೆರಳಗಲ ತೆರೆಯಿತು.

"ಅಳಿಯಂದ್ರೇ, ಒಂದು ನಿಮಿಷ. ನೀವೊಬ್ಬರೇ."

ಅವನು ಒಳಗೆ ಹೋದ ಕೂಡಲೇ ಅವರು ಚಿಲಕ ಹಾಕಿದರು. ದೊಡ್ಡ ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಟ್ಯಾಬಿನಲ್ಲಿ ಬಣ್ಣದ ಮಣಿಗಳ ಆಟವೊಂದು ತೆರೆದಿತ್ತು. ನಡುವೆ ಒಡೆದ ಹೃದಯದ ಚಿತ್ರ, ಕೆಳಗೆ ಒಂದು ಸಾಲು: ಮುಂದಿನ ಜೀವಗಳು ಮಾರ್ಚ್ ತಿಂಗಳಲ್ಲಿ ಸಿಗುತ್ತವೆ.

"ಇದೇನಿದು?" ಪಿಸುಗುಟ್ಟಿದರು ಅವರು. "ಮಾರ್ಚ್‌ವರೆಗೆ ನಾನೇನು ಮಾಡ್ಲಿ?"

ಅಳಿಯ ಆಟವನ್ನು ನೋಡಿದ, ಅತ್ತೆಯನ್ನು ನೋಡಿದ. ಬೀದಿಯಲ್ಲಿ ಯಾರ ಕೈಯಲ್ಲಿ ಫೋನ್ ಕಂಡರೂ ನಿಲ್ಲಿಸಿ, ಕಾಲ ಎಷ್ಟು ಅಮೂಲ್ಯ ಎಂದು ಬುದ್ಧಿ ಹೇಳುವ ಹೆಂಗಸು.

"ಅತ್ತೆ, ಈ ತಾರೀಖನ್ನ..."

"ದಿನಕ್ಕೆ ಐದೇ ಜೀವ ಕೊಡ್ತಾರೆ ಕಣ್ರೀ. ಐದು ಸಲ ಸೋತ್ರೆ ನಾಳೆ ಬಾ ಅನ್ನುತ್ತೆ. ನಾಳೆವರೆಗೂ ಯಾರು ಕಾಯ್ತಾರೆ? ತಾರೀಖು ಒಂದು ದಿನ ಮುಂದೆ ಹಾಕಿದ್ರೆ ನಾಳೆನೇ ಬಂದುಬಿಡುತ್ತೆ. ಹಾಗೇ ಹಾಕ್ತಾ, ಹಾಕ್ತಾ..." ಅವರು ಕೈಯಾಡಿಸಿದರು. "ಆ ಸ್ಟೋರಿಗೂ ಇದಕ್ಕೂ ಸಂಬಂಧ ಇದೆ ಅಂತ ನನಗೇನು ಗೊತ್ತು? ಮೊದಲಿನ ಹಾಗೇ ಮಾಡಿಕೊಡಿ."

"ಮಾಡಿದ್ರೆ ಸ್ಟೋರ್ ಮತ್ತೆ ತೆರೆಯಲ್ಲ. ಬಾಡಿಗೆ ಆ್ಯಪೂ ಅರ್ಧಕ್ಕೇ ನಿಲ್ಲುತ್ತೆ."

"ಎರಡೂ ಒಟ್ಟಿಗೆ ಆಗಲ್ವಾ?"

"ಸ್ಟೋರ್ ಬೇಕಾದ್ರೆ ಆಗಸ್ಟಲ್ಲಿ ಇರ್ಬೇಕು ಅತ್ತೆ. ಆಟ ಬೇಕಾದ್ರೆ ಮಾರ್ಚಲ್ಲಿ."

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಮಾರ್ಚ್."

ಅಳಿಯ ಮಾರ್ಚ್ ಮಾಡಿದ. ಒಡೆದ ಹೃದಯ ಕೂಡಿಕೊಂಡಿತು. ಅತ್ತೆಯ ಮುಖಕ್ಕೆ ರಕ್ತ ಬಂತು.

"ಹೊರಗೆ ಒಂದು ಮಾತೂ ಆಡಬಾರ್ದು. ಟ್ಯಾಬ್ ಮತ್ತೆ ಕೆಟ್ಟಿತು ಅಷ್ಟೇ. ಮೇಲಿನ ರೂಮು ಬಾಡಿಗೆಗೆ ಕೊಡೋ ವಿಚಾರವೂ ಬಿಟ್ಟುಬಿಟ್ಟೆ."

ಅವನು ಹೊರಗೆ ಬಂದಾಗ ನೆಲ ಕಾಲಿಗೆ ತಾಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತುಟಿಯಲ್ಲೇ ಹೇಳಿದ: ರೂಮು ಉಳೀತು. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಹಿಂದೆಯೇ ಬಂದ ಅತ್ತೆ ಎಲ್ಲರ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡರು. "ಟ್ಯಾಬ್ ಮತ್ತೆ ಕೈಕೊಡ್ತು. ಅಳಿಯಂದ್ರು ಏನೋ ಒತ್ತಿಬಿಟ್ರು."

ಮೂವರೂ ಅಳಿಯನನ್ನು ನೋಡಿ ತಲೆಯಾಡಿಸಿದರು. "ನನಗೆ ಬೆಳಿಗ್ಗೇನೇ ಅನ್ನಿಸಿತ್ತು," ಎಂದ ನಲ್ಲಿಯವನು. ಅಳಿಯ ನಗುತ್ತಲೇ ಇದ್ದ. ಚಿಲಕವಿರುವ ಬಾಗಿಲು ಸಿಗುವುದಾದರೆ ಲೋಕವೆಲ್ಲ ದಡ್ಡನೆನ್ನಲಿ.

"ಹೋಗ್ಲಿ ಬಿಡಿ, ಮೇಲಿನ ರೂಮು ಬಾಡಿಗೆಗೆ ಕೊಡಲ್ಲ," ಎಂದರು ಅತ್ತೆ. "ಅದು ನನಗೇ ಬೇಕು. ಕೆಳಗೆ ಜನ ಬರ್ತಾರೆ, ಹೋಗ್ತಾರೆ. ನನ್ನ ಓದಿಗೆ ಏಕಾಂತ ಬೇಕು. ಇವತ್ತೇ ನನ್ನ ಮಂಚ ಮೇಲೆ ಹಾಕಿಸ್ತೀನಿ."

ಅಳಿಯನ ನಗು ಅರ್ಧಕ್ಕೆ ನಿಂತಿತು. ಮರುಕ್ಷಣವೇ ಮತ್ತೆ ಅರಳಿತು: ಹಾಗಾದರೆ ಕೆಳಗೆ ಅತ್ತೆಯ ಈ ರೂಮು ಖಾಲಿ! ಇದಕ್ಕೂ ಬಾಗಿಲಿದೆ, ಇದಕ್ಕೂ ಚಿಲಕವಿದೆ, ಈಗ ತಾನೇ ಕಣ್ಣಾರೆ ನೋಡಿ ಬಂದಿದ್ದಾನೆ. ಹೆಂಡತಿಗೂ ಅದೇ ಹೊಳೆದು, ಅವಳು ಎರಡು ಹೆಜ್ಜೆ ಮುಂದೆ ಬಂದು, "ಅಮ್ಮಾ, ಹಾಗಾದ್ರೆ ನಿನ್ನ ರೂಮು..." ಎಂದಳು. ಆರಂಭಿಸಿದ್ದೇ ದೊಡ್ಡ ಧೈರ್ಯ.

"ಹೌದಲ್ಲ, ಅದು ಖಾಲಿಯಾಗುತ್ತೆ," ಎಂದರು ಅತ್ತೆ. "ಅದನ್ನೇ ಬಾಡಿಗೆಗೆ ಕೊಟ್ಟರಾಯಿತು."

"ಮೇಡಂ!" ಕಂಡಕ್ಟರು ಎದ್ದು ನಿಂತರು. "ಅದಕ್ಕೆ ಆ್ಯಪ್ ಯಾಕೆ, ಗೀಪ್ ಯಾಕೆ? ನಾನಿದ್ದೀನಲ್ಲ! ನಮ್ಮ ಮಾಲೀಕರು ಮನೆ ಕೆಡವಿ ಕಟ್ತಾರಂತೆ, ನಾನೂ ಹುಡುಕ್ತಾ ಇದ್ದೆ."

ಸಂಜೆಯೊಳಗೆ ಎಲ್ಲ ಮುಗಿಯಿತು. ಅತ್ತೆಯ ಮಂಚದ ಒಂದು ಕಾಲನ್ನು ನಲ್ಲಿಯವನೂ ಉಳಿದ ಮೂರನ್ನು ಅಳಿಯನೂ ಹೊತ್ತು ಮೇಲೆ ಸಾಗಿಸಿದರು. ಮೇಲೆ ಬಾಗಿಲು ಮುಚ್ಚಿ ಚಿಲಕ ಬಿದ್ದ ಸದ್ದು ಕೆಳಗಿನವರೆಗೆ ಕೇಳಿಸಿತು. ಕಂಡಕ್ಟರ ಟ್ರಂಕು, ಹಾಸಿಗೆ, ರೇಡಿಯೋ ಒಳಗೆ ಬಂದವು. ಹೊಸ ರೂಮಿನ ಬಾಗಿಲು ನೇರವಾಗಿ ಹಾಲಿನ ಮೂಲೆಗೆ, ಬಾತುಕೋಳಿಗಳ ಎದುರಿಗೇ ತೆರೆಯುತ್ತಿತ್ತು.

"ಸಾರ್," ಎಂದ ಅಳಿಯ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು. "ರೂಮಿನ ಚಿಲಕ ತುಂಬ ಚೆನ್ನಾಗಿದೆ. ಮಲಗೋವಾಗ ಒಂದು ಸಲ ಹಾಕಿ ನೋಡಿ."

ಕಂಡಕ್ಟರು ಟ್ರಂಕಿನ ಮೇಲೆ ಕುಳಿತು, ಕಾಲು ಚಾಚಿ, ಬಾಯಿತುಂಬ ನಕ್ಕರು.

"ಸಂಕೋಚ ಬೇಡ ಅಳಿಯಂದ್ರೇ. ಮೂವತ್ತು ವರ್ಷ ತೆರೆದ ಬಾಗಿಲಲ್ಲಿ ನಿಂತು ಕೆಲಸ ಮಾಡಿದವನು ನಾನು. ಬಾಗಿಲು ಹಾಕಿಕೊಂಡ್ರೆ ನನಗೆ ನಿದ್ದೆನೇ ಬರಲ್ಲ."