ಬೆಳೆದ ಮಕ್ಕಳ ಕ್ರಿಸ್‌ಮಸ್ಸನ್ನು ಪಾಳಿಗೆ ಹೊಂದಿಸುವ ಕುರಿತು

ಅಡುಗೆಮನೆ ಕಾರ್ಯಾಲಯ (ಹಬ್ಬ ಶಾಖೆ)
ಲೋರೆಂಗೆಲ್ ಕುಟುಂಬ, ಮೂರನೇ ಮಹಡಿ, ಕರಗಂಡಾ, ಕಜಕಸ್ತಾನ

ಸಂಖ್ಯೆ: ಅಮ/ಹಬ್ಬ/ಪಾಳಿ/11
ದಿನಾಂಕ: 21ನೇ ಡಿಸೆಂಬರ್

ಸುತ್ತೋಲೆ
(ಗೌಪ್ಯ. 25ನೇ ತಾರೀಖಿನವರೆಗೆ ಇರ್ಮಾಗೆ ತಿಳಿಯಕೂಡದು.)

ವಿಷಯ: ಮನೆಯ ಒಬ್ಬರು ಕರ್ತವ್ಯದಲ್ಲಿರುವಾಗ ಕ್ರಿಸ್‌ಮಸ್ ಆಚರಿಸುವ ವಿಧಾನ, ಸ್ಥಳ ಹಾಗೂ ಹೆಬ್ಬಾತಿನ ಸಾಗಣೆ ಬಗ್ಗೆ.

ಉಲ್ಲೇಖ:
(1) ಮಗಳು ಇರ್ಮಾ ಇವರಿಂದ ಸ್ವೀಕೃತವಾದ ಧ್ವನಿ ಸಂದೇಶ: “ಅಮ್ಮಾ, 25ಕ್ಕೆ ಮತ್ತೆ ನಂದೇ ಡ್ಯೂಟಿ ಬಿದ್ದಿದೆ. ನೀವು ಮಾಡ್ಕೊಳ್ಳಿ, ನನಗೋಸ್ಕರ ಕಾಯ್ಬೇಡಿ. ನಾವೇನು ಇನ್ನೂ ಚಿಕ್ಕ ಮಕ್ಕಳಾ?”
(2) ಸದರಿ ಸಂದೇಶವನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದ ಅಜ್ಜಿ ಫ್ರೀದಾ ಇವರ ಮೌಖಿಕ ಅಭಿಪ್ರಾಯ: “ಕಾಯ್ಬೇಡಿ ಅನ್ನೋವಾಗ ದನಿ ನಡುಗ್ತು. ನಿಮಗ್ಯಾರಿಗೂ ಕಿವಿ ಇಲ್ವಾ?”

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಇರ್ಮಾ ಇವರು ಅಸ್ತಾನಾ ನಗರದಲ್ಲಿ ಆಂಬುಲೆನ್ಸಿನಲ್ಲಿ ಕೆಲಸ ಮಾಡುತ್ತಿದ್ದು, ಕಳೆದೆರಡು ಕ್ರಿಸ್‌ಮಸ್ಸುಗಳಿಗೆ ಮನೆಗೆ ಬಂದಿರುವುದಿಲ್ಲ. 25ನೇ ಡಿಸೆಂಬರ್ ಈ ದೇಶದಲ್ಲಿ ರಜೆಯಲ್ಲ; ನಮ್ಮಂಥ ಜರ್ಮನ್ ಮನೆಗಳಲ್ಲಿ ಮಾತ್ರ ಹಬ್ಬ, ಮಿಕ್ಕವರಿಗೆಲ್ಲ ಬರೀ ಬುಧವಾರ. ಸತತ ಮೂರು ವರ್ಷ ನಡೆದದ್ದನ್ನು ಈ ಮನೆಯಲ್ಲಿ “ಮೊದಲಿಂದಲೂ ಹೀಗೇ” ಎಂದು ಹೇಳುವ ಅಭ್ಯಾಸವಿದೆ. ಚಹಾಕ್ಕೆ ನೀರು ಕಾಯಿಸುವ ಹಿತ್ತಾಳೆ ಸಮೋವರು ಬಾಲ್ಕನಿ ಸೇರಿದ್ದೂ ಹೀಗೆಯೇ. ಆದ್ದರಿಂದ ಇರ್ಮಾ ಇಲ್ಲದ ಮೂರನೆಯ ಕ್ರಿಸ್‌ಮಸ್ ನಡೆಯಲು ಬಿಡಬಾರದೆಂದು ತೀರ್ಮಾನಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ.

1. ಫೋನನ್ನು ಮನುಷ್ಯರೆಂದು ಪರಿಗಣಿಸತಕ್ಕದ್ದಲ್ಲ. ಕಳೆದ ವರ್ಷ ಇರ್ಮಾ ಫೋನಿನ ಮೂಲಕ ಹಾಜರಾಗಿದ್ದು, ಫೋನನ್ನು ಅವರ ತಟ್ಟೆಯ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿ ಇಡಲಾಗಿತ್ತು. ಅಜ್ಜಿಯವರು ಅದಕ್ಕೆ ಹುಳಿ ಎಲೆಕೋಸು ಬಡಿಸಿದರು. “ಅಜ್ಜೀ, ನನ್ನ ಮುಖದ ಮೇಲೆ ಬೀಳ್ತಿದೆ!” ಎಂಬ ಕೂಗನ್ನು ಲೆಕ್ಕಿಸದೆ ಎರಡನೇ ಸಲವೂ ಬಡಿಸಿದರು. ವಿವರಣೆ ಕೇಳಲಾಗಿ, “ಫೋನಾದ್ರೇನು, ಮಗು ಸೊರಗಿರೋದು ಕಾಣ್ತಿತ್ತಲ್ಲ” ಎಂದು ತಿಳಿಸಿರುತ್ತಾರೆ. ವಿವರಣೆಯನ್ನು ಒಪ್ಪಲಾಗಿದೆ. ಫೋನನ್ನು ರಿಪೇರಿಯವನು ಒಪ್ಪಿರುವುದಿಲ್ಲ.

2. ಹಬ್ಬವನ್ನು ಜನವರಿ 7ಕ್ಕೆ ಮುಂದೂಡುವಂತೆ ಮಗ ಆರ್ಟುರ್ ಸಲ್ಲಿಸಿದ ಸಲಹೆಯನ್ನು (“ಅವತ್ತು ಸರ್ಕಾರಾನೇ ರಜಾ ಕೊಡುತ್ತೆ, ಸುಮ್ನೆ ಯಾಕೆ ಒದ್ದಾಟ?”) ತಿರಸ್ಕರಿಸಲಾಗಿದೆ. ಅದು ರಷ್ಯನ್ ಆರ್ಥಡಾಕ್ಸ್ ಪಂಥದವರಾದ ಮೇಲಿನ ಮಹಡಿಯ ಗಲೀನಾ ಅವರ ಕ್ರಿಸ್‌ಮಸ್. ನೆರೆಮನೆಯಿಂದ ಸಕ್ಕರೆ ಕಡ ತರಬಹುದು. ಹಬ್ಬ ಕಡ ತರಲು ಅವಕಾಶವಿಲ್ಲ. ಮೇಲಾಗಿ ಅಂದು ಕೂಡ ಇರ್ಮಾಗೆ ಡ್ಯೂಟಿ ಇದೆ.

3. ಮಕ್ಕಳು ಬೆಳೆದಿದ್ದಾರೆಂಬುದು ವಿನಾಯಿತಿಗೆ ಕಾರಣವಾಗುವುದಿಲ್ಲ. ಎಂದಿನಂತೆ ಪ್ರತಿಯೊಬ್ಬ ಮಗುವೂ (ವಯಸ್ಸು 27 ಮತ್ತು 20) ಸ್ಟೂಲಿನ ಮೇಲೆ ನಿಂತು ಪದ್ಯ ಹೇಳಿದ ನಂತರವೇ ಉಡುಗೊರೆ ನೀಡಲಾಗುವುದು. ಆದರೆ ಕಳೆದ ವರ್ಷ ಆರ್ಟುರ್ ಅವರ ತಲೆ ತಗುಲಿ ದೀಪ ಒಡೆದಿರುವುದರಿಂದ, ತಲೆ ಛಾವಣಿಗೆ ಮುಟ್ಟುವ ಮಕ್ಕಳು ಸ್ಟೂಲಿನ ಮೇಲೆ ಕುಳಿತುಕೊಳ್ಳತಕ್ಕದ್ದು. ಅಂಥವರನ್ನು ನಿಂತಿದ್ದಾರೆಂದೇ ಭಾವಿಸಲಾಗುವುದು.

3(ಅ). ಒಂದನೇ ತರಗತಿಯಿಂದ ಹೇಳುತ್ತ ಬಂದಿರುವ ಮೊಲದ ಪದ್ಯವನ್ನೇ ಈ ವರ್ಷವೂ ಹೇಳುವುದನ್ನು ನಿಷೇಧಿಸಲಾಗಿದೆ. ಮೊಬೈಲ್ ಕಂಪನಿಯ ಜಾಹೀರಾತಿನ ಪ್ರಾಸವು ಪದ್ಯವಲ್ಲ. ಮೊಲವನ್ನು ತೆಗೆದು ಆ ಜಾಗಕ್ಕೆ ನರಿಯನ್ನು ಹಾಕುವುದೂ ಹೊಸ ಪದ್ಯವಾಗುವುದಿಲ್ಲ.

4. ತುಪ್ಪಳದ ಕೋಟನ್ನು ಒಳಹೊರಗು ಮಾಡಿ ತೊಟ್ಟು, ಸರಪಳಿ ಗಲಗಲಿಸುತ್ತ ಬಂದು ಮಕ್ಕಳನ್ನು ಹೆದರಿಸುವ ಪೆಲ್ಜ್‌ನಿಕೆಲ್‌ನ ಪಾತ್ರವನ್ನು ಯಜಮಾನರಾದ ಯಾಕೋವ್ ಇವರೇ ನಿರ್ವಹಿಸತಕ್ಕದ್ದು. “ಯಾರು ಹೆದರ್ತಾರೆ ಈಗ? ಹೋದ ಸಲ ಘರ್ಜಿಸಿದ್ರೆ, ‘ಅಪ್ಪಾ, ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ’ ಅಂದ್ರು” ಎಂಬ ಅವರ ಮನವಿಯನ್ನು ಪರಿಶೀಲಿಸಿ, ಹೊಲಿಗೆಯನ್ನು ಸರಿಪಡಿಸಲಾಗಿದೆ. ಪಾತ್ರದಿಂದ ಬಿಡುಗಡೆ ಇಲ್ಲ.

4(ಅ). ಪೆಲ್ಜ್‌ನಿಕೆಲ್ ಕೇಳಬಹುದಾದ ಪ್ರಶ್ನೆಗಳು: ಸರಿಯಾಗಿ ಊಟ ಮಾಡುತ್ತೀಯಾ, ಟೋಪಿ ಹಾಕುತ್ತೀಯಾ. ಕೇಳಬಾರದ ಪ್ರಶ್ನೆ: ಮದುವೆ ಯಾವಾಗ. ಈ ನಿರ್ಬಂಧವು ಬಿಳಿ ಪರದೆ ಹೊದ್ದು ದೇವಶಿಶುವಿನ ವೇಷದಲ್ಲಿ ಬರುವ ಅಜ್ಜಿಯವರಿಗೂ ಅನ್ವಯಿಸುತ್ತದೆ. ದೇವಶಿಶುವು ಕಳೆದ ಸಲ ಫೋನಿನಲ್ಲಿದ್ದ ಇರ್ಮಾಗೆ ಯಾರದೋ ಮೊಮ್ಮಗನ ಫೋಟೋ ತೋರಿಸಿದ್ದು ವೇಷಕ್ಕೆ ಶೋಭಿಸುವಂಥದ್ದಾಗಿರಲಿಲ್ಲ.

5. ಮಗಳು ಮನೆಗೆ ಬರಲಾಗದ ಕಾರಣ, ಈ ವರ್ಷದ ಮಟ್ಟಿಗೆ ಮನೆಯನ್ನು ತಾತ್ಕಾಲಿಕವಾಗಿ ಅಸ್ತಾನಾಗೆ ವರ್ಗಾಯಿಸಲಾಗಿದೆ. ಇರ್ಮಾ ಕೆಲಸ ಮಾಡುವ ಆಂಬುಲೆನ್ಸ್ ಠಾಣೆಯಲ್ಲಿ, ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಸಿಬ್ಬಂದಿ ಚಹಾ ಕುಡಿಯುವ ಕೋಣೆಯನ್ನು ಹಬ್ಬದ ಸ್ಥಳವೆಂದು ಗೊತ್ತುಪಡಿಸಲಾಗಿದೆ. ಪಾಳಿಯ ಹಿರಿಯ ವೈದ್ಯರಾದ ಎರ್ಮೆಕ್ ಅವರು ಅನುಮತಿ ನೀಡುತ್ತ ಹೀಗೆ ತಿಳಿಸಿರುತ್ತಾರೆ: “ಬನ್ನಿ ಅಕ್ಕಾ, ಧಾರಾಳವಾಗಿ ಬನ್ನಿ. ಆದ್ರೆ ನಿಮ್ಮ ಯಜಮಾನ್ರು ಆ ಕೋಟು, ಸರಪಳಿ ಎಲ್ಲಾ ಒಳಗೆ ಬಂದ್ಮೇಲೆ ಹಾಕ್ಕೊಳ್ಲಿ. ಬೀದೀಲಿ ಯಾರಾದ್ರೂ ನೋಡಿ ಆಂಬುಲೆನ್ಸ್ ಕರೆದ್ರೆ, ಅದಕ್ಕೂ ನಿಮ್ಮ ಮಗಳೇ ಹೋಗ್ಬೇಕಾಗುತ್ತೆ.”

6. ಯಾಕೋವ್ ಇವರು 24ರ ರಾತ್ರಿ ಕಲ್ಲಿದ್ದಲಿನ ಗೂಡ್ಸ್ ರೈಲು ಓಡಿಸಿ, ಬೆಳಿಗ್ಗೆ ಡಿಪೋದಿಂದ ನೇರವಾಗಿ ನಿಲ್ದಾಣಕ್ಕೆ ಬರತಕ್ಕದ್ದು. ರೈಲಿನಲ್ಲಿ ಪ್ರಯಾಣಿಕರಾಗಿ ಕುಳಿತಾಗ ನಿದ್ದೆ ಮಾಡತಕ್ಕದ್ದು. ಆ ರೈಲಿನ ಚಾಲಕರು ಬ್ರೇಕು ಹಾಕಿದ ರೀತಿಯ ಬಗ್ಗೆ ಬೋಗಿಗೆಲ್ಲ ಕೇಳುವಂತೆ “ಅಯ್ಯಯ್ಯೋ, ಹಿಂಗಾ ಹಿಡಿಯೋದು?” ಎಂದು ಉದ್ಗರಿಸತಕ್ಕದ್ದಲ್ಲ.

7. ಹೆಬ್ಬಾತನ್ನು ಬೇಯಿಸಿ, ಹಳೆಯ ರಗ್ಗಿನಲ್ಲಿ ಸುತ್ತಿ, ಅಜ್ಜಿಯವರ ಮಡಿಲಲ್ಲಿ ಸಾಗಿಸಲಾಗುವುದು. ಪರಿಮಳದ ಬಗ್ಗೆ ಸಹಪ್ರಯಾಣಿಕರು ವಿಚಾರಿಸಿದಲ್ಲಿ ಅಜ್ಜಿಯವರು ನಿದ್ದೆಹೋದಂತೆ ಇರತಕ್ಕದ್ದು. ಅವರು ಮತ್ತೂ ವಿಚಾರಿಸಿದಲ್ಲಿ ತಲಾ ಒಂದು ತುಂಡು ಕುಖೆ (ನಮ್ಮ ಜರ್ಮನ್ ಕೇಕು) ಕೊಟ್ಟು ವಿಷಯ ಮುಕ್ತಾಯಗೊಳಿಸುವುದು. ಈ ಉದ್ದೇಶಕ್ಕಾಗಿಯೇ ಸಿಹಿ ಪುಡಿ ಉದುರಿಸಿದ ಒಂದು ತಟ್ಟೆ ಕುಖೆಯನ್ನು ಹೆಚ್ಚುವರಿಯಾಗಿ ಬೇಯಿಸಲು ಮಂಜೂರಾತಿ ನೀಡಲಾಗಿದೆ. ಆರ್ಟುರ್ ಅವರನ್ನು ಸಹಪ್ರಯಾಣಿಕರೆಂದು ಪರಿಗಣಿಸತಕ್ಕದ್ದಲ್ಲ.

8. ಅಲ್ಲಿಯವರೆಗೆ ಗೌಪ್ಯತೆ ಕಾಪಾಡುವ ಸಲುವಾಗಿ ಆರ್ಟುರ್ ಅವರು ಅಕ್ಕನೊಂದಿಗೆ ಹವಾಮಾನದ ಬಗ್ಗೆ ಮಾತ್ರ ಮಾತಾಡತಕ್ಕದ್ದೆಂದು ಮೊದಲು ಆದೇಶಿಸಲಾಗಿತ್ತು. “ಅಮ್ಮಾ, ನಾನು ಜನ್ಮದಲ್ಲಿ ಹವಾಮಾನ ಮಾತಾಡಿದೋನಾ? ಎರಡು ನಿಮಿಷಕ್ಕೆ ಅವಳು ಕಂಡುಹಿಡೀತಾಳೆ” ಎಂಬ ಆಕ್ಷೇಪಣೆಯಲ್ಲಿ ಹುರುಳಿರುವುದರಿಂದ ಆದೇಶವನ್ನು ತಿದ್ದುಪಡಿ ಮಾಡಿ, ಎಂದಿನಂತೆ ಜಗಳವಾಡಲು ಅನುಮತಿಸಲಾಗಿದೆ.

9. ಹಬ್ಬದ ನಡುವೆ ಕರೆ ಬಂದಲ್ಲಿ ಇರ್ಮಾ ಕೂಡಲೇ ಹೊರಡತಕ್ಕದ್ದು. “ಒಂದು ತುತ್ತು ತಿಂದು ಹೋಗು” ಎಂದು ಯಾರೂ ಅಡ್ಡಗಟ್ಟಬಾರದು (ಅಜ್ಜಿಯವರ ವಿಶೇಷ ಗಮನಕ್ಕೆ). ಅವರು ಮರಳುವವರೆಗೆ ಹಬ್ಬವು ನಿಂತಲ್ಲೇ ನಿಲ್ಲತಕ್ಕದ್ದು. ಅರ್ಧ ಹೇಳಿದ ಪದ್ಯವನ್ನು ಹೇಳಿದಷ್ಟಕ್ಕೇ ಬಿಡುವುದು. ಕುಯ್ದ ಹೆಬ್ಬಾತಿನ ಮೇಲೆ ಟವೆಲ್ ಮುಚ್ಚುವುದು. ಪೆಲ್ಜ್‌ನಿಕೆಲ್ ಕೋಟು ಬಿಚ್ಚಿ ಕುಳಿತುಕೊಳ್ಳಬಹುದು. ಸಿಬ್ಬಂದಿಯ ಪೈಕಿ ಹಸಿದು ಉಳಿದವರಿಗೆ ಬಡಿಸುವುದು. ಅವರೂ ಯಾರದೋ ಮನೆಯ ಮಕ್ಕಳೇ.

10. ಹೀಗೆ ಕಾಯುವ ಅವಧಿಯನ್ನು ಹಬ್ಬದ ಭಾಗವೆಂದೇ ಲೆಕ್ಕ ಹಾಕತಕ್ಕದ್ದು. ಇದಕ್ಕೆ ಮೇಲ್ಮಿತಿ ನಿಗದಿಪಡಿಸಿರುವುದಿಲ್ಲ. ಕೊನೆಯ ರೈಲು ತಪ್ಪಿದಲ್ಲಿ ಮುಂದಿನ ದಿನದ ಮೊದಲ ರೈಲು ಇದೆಯೆಂಬುದನ್ನು ನಿಲ್ದಾಣದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲಾಗಿದೆ. ಈ ಕಾರ್ಯಾಲಯದ ಮುಖ್ಯಸ್ಥೆಯು ತಾವು ಹೊರಗೆ ನೌಕರಿ ಮಾಡುವ ಕಚೇರಿಯಲ್ಲಿ 26ಕ್ಕೂ ರಜೆ ಬರೆದುಕೊಟ್ಟಿರುತ್ತಾರೆ. ಕಾರಣ ಕೇಳಿದ ಮೇಲಧಿಕಾರಿಗೆ “ಕೌಟುಂಬಿಕ ತುರ್ತು ಸೇವೆ” ಎಂದು ತಿಳಿಸಿದ್ದು, ಅದು ಅಕ್ಷರಶಃ ನಿಜವಾಗಿರುತ್ತದೆ.

11. ಉಲ್ಲೇಖ (1)ರಲ್ಲಿ ಎತ್ತಲಾದ, ತಾವಿನ್ನೂ ಚಿಕ್ಕ ಮಕ್ಕಳೇ ಎಂಬ ಪ್ರಶ್ನೆಯನ್ನು ಈ ಕಾರ್ಯಾಲಯವು ಕೂಲಂಕಷವಾಗಿ ಪರಿಶೀಲಿಸಿದ್ದು, ಹೌದು ಎಂದು ಉತ್ತರಿಸಲಾಗಿದೆ. ಈ ಕುರಿತು ಮೇಲ್ಮನವಿಗೆ ಅವಕಾಶವಿರುವುದಿಲ್ಲ.

ಸಹಿ/-
(ಎಲ್ವಿರಾ ಲೋರೆಂಗೆಲ್)
ಮುಖ್ಯಸ್ಥೆ, ಅಡುಗೆಮನೆ ಕಾರ್ಯಾಲಯ
ಹಾಗೂ ಪದನಿಮಿತ್ತ ತಾಯಿ

ಪ್ರತಿಗಳು:
1. ಶ್ರೀ ಯಾಕೋವ್ ಲೋರೆಂಗೆಲ್, ಪೆಲ್ಜ್‌ನಿಕೆಲ್ – ಮಾಹಿತಿಗಾಗಿ. ಗಡ್ಡ ಬೋಳಿಸಬಾರದು.
2. ಶ್ರೀಮತಿ ಫ್ರೀದಾ ಲೋರೆಂಗೆಲ್, ದೇವಶಿಶು – ದೊಡ್ಡ ಅಕ್ಷರಗಳಲ್ಲಿ.
3. ಶ್ರೀ ಆರ್ಟುರ್ ಲೋರೆಂಗೆಲ್ – ಕಲಂ 3(ಅ) ಬಗ್ಗೆ ಲಿಖಿತ ಮುಚ್ಚಳಿಕೆ ಪಡೆದು.
4. ಶ್ರೀಮತಿ ಗಲೀನಾ, ಮೇಲಿನ ಮಹಡಿ – ಬೆಕ್ಕಿಗೆ ಊಟ ಹಾಕುವ ಕೋರಿಕೆಯೊಂದಿಗೆ.
5. ಡಾ. ಎರ್ಮೆಕ್, ಹಿರಿಯ ವೈದ್ಯರು – ಅಗತ್ಯ ಕ್ರಮಕ್ಕಾಗಿ. ಆರನೇ ಪ್ರತಿಯನ್ನು ಅವರ ಕೈಗೇ ಕೊಡಲಾಗುವುದು.
6. ಕುಮಾರಿ ಇರ್ಮಾ ಲೋರೆಂಗೆಲ್ – 25ರಂದು, ಡಾ. ಎರ್ಮೆಕ್ ಅವರ ಮೂಲಕ ಖುದ್ದಾಗಿ. ಸದರಿಯವರು ಇದನ್ನು ಓದುವ ಹೊತ್ತಿಗೆ ಮನೆಯವರು ನಾಲ್ವರೂ ಠಾಣೆಯ ಗೇಟಿನ ಹೊರಗೆ ಹಿಮದಲ್ಲಿ ನಿಂತಿರುತ್ತಾರೆ. ಅಜ್ಜಿಯವರು ಒಳಗೆ ಬಂದು ಕೂರಲು ಒಪ್ಪಿರುವುದಿಲ್ಲ. “ಅವಳೇ ಬಂದು ಕರೀಲಿ” ಎಂದಿದ್ದಾರೆ. ಸ್ವೆಟರ್ ಹಾಕಿಕೊಂಡು ಕೂಡಲೇ ಹೊರಗೆ ಬರುವಂತೆ ಈ ಮೂಲಕ ಸೂಚಿಸಲಾಗಿದೆ.